ನೆರೆ ಬಂದಾಗ ನೆರೆಯವರು

ಕನ್ನಡದಲ್ಲಿ ‘ನೆರೆ’ ಎಂಬ ಪುಟ್ಟ ಪದಕ್ಕೆ ಹಲವು ಅರ್ಥಗಳಿವೆ. ಪಕ್ಕದಲ್ಲಿರುವುದು ನೆರೆ, ಆದುದರಿಂದಲೇ ಪಕ್ಕದ ಮನೆ ನೆರೆಮನೆ, ಅಲ್ಲಿ ವಾಸಿಸುವವರು ನೆರೆಯವರು. ಒಂದೆಡೆ ಸೇರುವುದೂ ನೆರೆಯೇ. ‘ಜಾತ್ರೆಗೆ ಜನ ನೆರೆದರು’ ಎಂದು ನಾವೆಲ್ಲರೂ ಹೇಳುತ್ತೇವೆ. ಇನ್ನು ಮಳೆಗಾಲದಲ್ಲಿ ಉಕ್ಕಿ ಹರಿದು ಮನೆಮಠಗಳನ್ನು ಮುಳುಗಿಸುವ ಪ್ರವಾಹಕ್ಕೂ ಇದೇ ಹೆಸರು. ಆಪತ್ತಿಗೂ, ಆಪತ್ತಿನಲ್ಲಿ ಒದಗುವವರಿಗೂ, ಅವರು ಒಟ್ಟುಗೂಡುವ ಕ್ರಿಯೆಗೂ ಒಂದೇ ಪದವನ್ನು ಉಳಿಸಿಕೊಂಡು ಬಂದಿರುವ ಭಾಷೆ ನಮ್ಮದು. ಬೆಂಗಳೂರಿನ ಪೂರ್ವ ದಿಕ್ಕಿನಲ್ಲಿರುವ ರಾಮಮೂರ್ತಿ ನಗರ, ಹೊರಮಾವು, ಕಲ್ಕೆರೆಯ ಆಸುಪಾಸಿನಲ್ಲಿ ಕಳೆದ ಕೆಲವು ವರ್ಷಗಳಿಂದ ನಡೆದಿರುವುದನ್ನು ಅವಲೋಕಿಸಿದಾಗ ಈ ಪದದ ಎಲ್ಲ ಅರ್ಥಗಳೂ ಒಂದೆಡೆ ಬಂದು ನಿಂತಂತೆ ನಮಗೆ ತೋರುತ್ತದೆ.

2025ರ ಮೇ 18ರ ರಾತ್ರಿಯಿಂದ 19ರ ಬೆಳಗಿನವರೆಗೆ ಬೆಂಗಳೂರಿನಲ್ಲಿ ನೂರು ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಹೊರಮಾವಿನ ಸಾಯಿ ಲೇಔಟ್ ನಡುಗಡ್ಡೆಯಂತಾಯಿತು. ಮನೆಗಳ ಕೆಳ ಅಂತಸ್ತಿಗೆ ನೀರು ನುಗ್ಗಿತು. ಜನರನ್ನು ದೋಣಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಕರೆತರಬೇಕಾಯಿತು. ಮುಖ್ಯಮಂತ್ರಿಗಳು, ಉಪಮುಖ್ಯಮಂತ್ರಿಗಳು ಸ್ಥಳಕ್ಕೆ ಭೇಟಿ ನೀಡಿದರು. ಇದಕ್ಕೆ ಸರಿಯಾಗಿ ಒಂದು ವರ್ಷದ ಹಿಂದೆ, 2024ರ ಬೇಸಿಗೆಯಲ್ಲಿ, ಇದೇ ಪೂರ್ವ ಭಾಗದ ಜನ ಬಿಂದಿಗೆ ಹಿಡಿದು ಟ್ಯಾಂಕರಿಗಾಗಿ ಕಾದಿದ್ದರು. ನಗರಕ್ಕೆ ದಿನವೊಂದಕ್ಕೆ ಸುಮಾರು 2,600 ದಶಲಕ್ಷ ಲೀಟರ್ ನೀರು ಬೇಕಾಗಿದ್ದು ಅದರಲ್ಲಿ ಸುಮಾರು 500 ದಶಲಕ್ಷ ಲೀಟರ್ ಕೊರತೆಯಿದೆಯೆಂದೂ, ಸರ್ಕಾರದ 14,000 ಕೊಳವೆ ಬಾವಿಗಳಲ್ಲಿ 6,900 ಬತ್ತಿವೆಯೆಂದೂ ಆಗ ಮುಖ್ಯಮಂತ್ರಿಗಳೇ ತಿಳಿಸಿದ್ದರು. ಟ್ಯಾಂಕರಿನ ದರ ಕೈಮೀರಿದಾಗ ಜಿಲ್ಲಾಡಳಿತವು ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ ಎಂದು ಮಿತಿ ಹಾಕಬೇಕಾಯಿತು. ಒಂದು ಬೇಸಿಗೆಯಲ್ಲಿ ಕುಡಿಯಲು ನೀರಿಲ್ಲ. ಮರುವರ್ಷ ಮನೆಯೊಳಗೆ ನೀರು. ಇವೆರಡೂ ಬೇರೆ ಬೇರೆ ಸಂಕಟಗಳೆಂದು ನಾವು ಭಾವಿಸಿದರೆ ಎರಡಕ್ಕೂ ಪರಿಹಾರ ದೊರೆಯದು. ಇವೆರಡರ ಮೂಲವೂ ಒಂದೇ. ಅದು ಕೇವಲ ಮಳೆಯಲ್ಲಿ ಇಲ್ಲ, ನಾವು ಒಟ್ಟಿಗೆ ಬದುಕುವ ಬಗೆಯಲ್ಲಿದೆ.

ಈ ಪ್ರದೇಶ ಬೆಳೆದ ಬಗೆಯನ್ನು ಮೊದಲು ಗಮನಿಸಬೇಕು. 1948ರಲ್ಲಿ ಭಾರತೀಯ ದೂರವಾಣಿ ಕಾರ್ಖಾನೆ, ಅಂದರೆ ಜನರ ಬಾಯಲ್ಲಿ ಐಟಿಐ, ಇಲ್ಲಿ ಆರಂಭವಾದಾಗ ಅದರೊಂದಿಗೆ ದೂರವಾಣಿನಗರವೆಂಬ ಕಾರ್ಮಿಕರ ವಸತಿಯೂ ಹುಟ್ಟಿಕೊಂಡಿತು. ಒಂದೇ ಕಾರ್ಖಾನೆಯ ಸೈರನ್ನಿಗೆ ಏಳುವ, ಒಂದೇ ಪಾಳಿಯಲ್ಲಿ ದುಡಿಯುವ ಜನರಿಗೆ ಪರಸ್ಪರ ಪರಿಚಯವು ತಾನಾಗಿಯೇ ಬೆಳೆಯುತ್ತಿತ್ತು. ಮುಂದೆ ಹೊರವರ್ತುಲ ರಸ್ತೆ ಬಂದಿತು, ಮಾಹಿತಿ ತಂತ್ರಜ್ಞಾನದ ಕಂಪನಿಗಳು ಬಂದವು. ಹೊಲ, ತೋಟಗಳು ನಿವೇಶನಗಳಾದವು. ಕೃಷ್ಣರಾಜಪುರ ನಗರಸಭೆಯೂ ಸೇರಿದಂತೆ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು 2007ರಲ್ಲಿ ನಗರದೊಂದಿಗೆ ಕೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾಯಿತು. ಮನೆಗಳು ಮೊದಲು ಬಂದವು. ಕುಡಿಯುವ ನೀರು, ಒಳಚರಂಡಿ, ಮಳೆಗಾಲುವೆ ಅವುಗಳ ಹಿಂದೆ ಏದುಸಿರು ಬಿಡುತ್ತಾ ಬಂದವು. ಕಾವೇರಿ ಐದನೆಯ ಹಂತದ 775 ದಶಲಕ್ಷ ಲೀಟರಿನ ಯೋಜನೆ ಲೋಕಾರ್ಪಣೆಯಾದದ್ದು 2024ರ ಅಕ್ಟೋಬರ್ 16ರಂದು. ನಗರಕ್ಕೆ ಸೇರಿ ಹದಿನೇಳು ವರ್ಷಗಳಾದ ಮೇಲೆ ಆ 110 ಹಳ್ಳಿಗಳ ಪಾಲಿಗೆ ಕಾವೇರಿಯ ಭರವಸೆ ಬಂದಿತು.

ಬಡಾವಣೆ ಎಂದರೆ ವಿಸ್ತರಣೆ. ಊರು ಎಂದರೆ ಅಷ್ಟೇ ಅಲ್ಲ. ಊರಿಗೆ ಒಂದು ಕೆರೆ, ಒಂದು ಗುಂಡುತೋಪು, ಒಂದು ಚಾವಡಿ, ಒಂದು ಹಬ್ಬ ಇರುತ್ತಿದ್ದವು. ಅವೆಲ್ಲವೂ ಯಾರೊಬ್ಬರದೂ ಆಗಿರಲಿಲ್ಲ, ಆದುದರಿಂದ ಎಲ್ಲರದೂ ಆಗಿದ್ದವು. ಬಡಾವಣೆಯ ನಕ್ಷೆಯಲ್ಲಿ ನಿವೇಶನದ ಉದ್ದಗಲ ಅಂಗುಲದ ಲೆಕ್ಕದಲ್ಲಿ ನಮೂದಾಗಿರುತ್ತದೆ. ಎಲ್ಲರದೂ ಆದ ಜಾಗ ಮಾತ್ರ ವರ್ಷದಿಂದ ವರ್ಷಕ್ಕೆ ಕರಗುತ್ತಾ ಹೋಗುತ್ತದೆ. ಊರು ಕಟ್ಟಿದವರು ಮೊದಲು ಕೆರೆ ಕಟ್ಟಿ ಆಮೇಲೆ ಮನೆ ಕಟ್ಟಿದರು. ನಾವು ಮನೆ ಕಟ್ಟಿ ಆಮೇಲೆ ಕೆರೆ ಎಲ್ಲಿತ್ತೆಂದು ಹುಡುಕುತ್ತಿದ್ದೇವೆ.

ನೀರಿನ ಸ್ವಭಾವವೇ ನೆರೆಹೊರೆಯ ಪಾಠವನ್ನು ಹೇಳುತ್ತದೆ. ಬೆಂಗಳೂರಿನ ನೆಲದಡಿ ಇರುವುದು ಗಟ್ಟಿ ಬಂಡೆ. ಅದರ ಬಿರುಕುಗಳಲ್ಲಿ ಮಾತ್ರ ನೀರು ಸಂಚರಿಸುತ್ತದೆ. ಒಬ್ಬರು ಆರುನೂರು ಅಡಿ ಕೊರೆಸಿದರೆ ಪಕ್ಕದವರು ಎಂಟುನೂರು ಅಡಿ ಕೊರೆಸುತ್ತಾರೆ, ಅದರಾಚೆಯವರು ಸಾವಿರ ಅಡಿಗೂ ಕೆಳಗೆ ಇಳಿಯುತ್ತಾರೆ. ಹೊಸದಾಗಿ ನೀರು ಹುಟ್ಟಿತೆಂದು ಪ್ರತಿಯೊಬ್ಬರೂ ಭಾವಿಸುತ್ತಾರೆ. ವಾಸ್ತವವಾಗಿ ಒಂದೇ ಗುಡಾಣಕ್ಕೆ ಹಲವರು ಕೊಳವೆ ಹಾಕಿ, ಯಾರ ಕೊಳವೆ ಉದ್ದವೋ ಅವರು ಕುಡಿದರು ಎಂಬಷ್ಟೇ ಕಥೆ ಅದು. ಹಣವಿದ್ದವರು ಗೆದ್ದಂತೆ ಕಂಡರೂ ಬೇಸಿಗೆ ಮುಗಿಯುವುದರೊಳಗೆ ಅವರೂ ಟ್ಯಾಂಕರಿನ ಸಾಲಿನಲ್ಲಿಯೇ ನಿಲ್ಲುತ್ತಾರೆ.

ಹರಿಯುವ ನೀರಿನದೂ ಇದೇ ನೀತಿ. ಹೆಬ್ಬಾಳ, ನಾಗವಾರದ ಕಡೆಯಿಂದ ಇಳಿಯುವ ನೀರು ಕಲ್ಕೆರೆ, ರಾಂಪುರ ಕೆರೆಗಳನ್ನು ದಾಟಿ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯನ್ನು ಸೇರಿ ದಕ್ಷಿಣ ಪಿನಾಕಿನಿಯತ್ತ ಸಾಗುತ್ತದೆ. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆ ತುಂಬಬೇಕು. ಇದು ಹಿರಿಯರು ಹೆಣೆದ ಸರಪಳಿ. ಈ ಸರಪಳಿಯಲ್ಲಿ ಮೇಲಿನವರು ರಾಜಕಾಲುವೆಗೆ ಕಟ್ಟಡದ ಅವಶೇಷ ಸುರಿದರೆ ಮುಳುಗುವವರು ಕೆಳಗಿನವರು. ಮಧ್ಯದವರು ಕಾಲುವೆಯ ಮೇಲೆ ಗೋಡೆ ಏರಿಸಿದರೆ ಮೇಲಿನವರ ಮನೆಗೆ ನೀರು ಹಿಂದಕ್ಕೆ ಬರುತ್ತದೆ. ಸಾಯಿ ಲೇಔಟಿನ ವಿಷಯದಲ್ಲಿಯೂ ರೈಲ್ವೆ ಹಳಿಯ ಕೆಳಗಿನ ಕಿಂಡಿ ರಾಜಕಾಲುವೆಯ ಅಗಲಕ್ಕೆ ಸಾಲದಷ್ಟು ಕಿರಿದಾಗಿದ್ದುದೇ ನೀರು ನಿಲ್ಲಲು ಒಂದು ಮುಖ್ಯ ಕಾರಣವೆಂದು ಗುರುತಿಸಲಾಯಿತು. ಒಂದು ಇಲಾಖೆಯ ಕಾಲುವೆ, ಮತ್ತೊಂದು ಇಲಾಖೆಯ ಹಳಿ. ನಡುವೆ ಸಿಲುಕಿದ್ದು ಜನರ ಬದುಕು. ಕೂಡಿ ಕೆಲಸ ಮಾಡುವ ಪಾಠ ಜನರಿಗೆ ಎಷ್ಟು ಬೇಕೋ ಇಲಾಖೆಗಳಿಗೂ ಅಷ್ಟೇ ಬೇಕು.

ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಹೆಸರೇ ಒಂದು ಉಪದೇಶ. ವೀಳ್ಯದೆಲೆಯ ವ್ಯಾಪಾರ ಮಾಡುತ್ತಿದ್ದ ವರ್ತಕರೊಬ್ಬರು ತಮ್ಮ ಸಂಪಾದನೆಯನ್ನು ಜನರ ನೀರಿಗಾಗಿ ವಿನಿಯೋಗಿಸಿದರೆಂಬ ಕೃತಜ್ಞತೆಯಿಂದ ಆ ಹೆಸರು ಉಳಿದಿದೆ. ಅವರ ಅಂಗಡಿಯ ಲೆಕ್ಕಪುಸ್ತಕ ಇಂದು ಎಲ್ಲಿದೆಯೋ ಯಾರಿಗೂ ತಿಳಿಯದು. ಕೆರೆಯ ಹೆಸರು ಮಾತ್ರ ದಿನವೂ ಸಾವಿರಾರು ಜನರ ನಾಲಿಗೆಯ ಮೇಲಿದೆ. ಆದರೆ ಕೆರೆ ಕಟ್ಟಿಸಿದವರು ಒಬ್ಬರಾದರೂ ಕೆರೆಯನ್ನು ಉಳಿಸಿದವರು ಒಬ್ಬರಲ್ಲ. ಕೋಲಾರ, ಬೆಂಗಳೂರು ಸೀಮೆಯ ಹಳ್ಳಿಗಳಲ್ಲಿ ‘ನೀರುಗಂಟಿ’ ಎಂಬವರಿದ್ದರು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಅವರು ನಿರ್ಧರಿಸುತ್ತಿದ್ದರು. ತೂಬು ಎತ್ತುವ ಅಧಿಕಾರ ಅವರದು, ಗೌಡರ ಗದ್ದೆಯಾದರೂ ಸರಿ, ಬಡವರ ಗದ್ದೆಯಾದರೂ ಸರಿ. ಹೂಳು ತೆಗೆಯಲು ಊರಿನವರೆಲ್ಲ ಸೇರುತ್ತಿದ್ದರು. ಹೊಲದ ಕೆಲಸದಲ್ಲಿ ‘ಮುಯ್ಯಾಳು’ ಪದ್ಧತಿಯಿತ್ತು. ಇಂದು ನಿಮ್ಮ ನಾಟಿಗೆ ನಾವು, ನಾಳೆ ನಮ್ಮ ನಾಟಿಗೆ ನೀವು. ಅದು ಕೂಲಿಯೂ ಅಲ್ಲ, ದಾನವೂ ಅಲ್ಲ. ಕೊಟ್ಟವರಿಗೆ ಹಿರಿಮೆಯಿಲ್ಲ, ಪಡೆದವರಿಗೆ ಕೀಳರಿಮೆಯಿಲ್ಲ.

ಇದೇ ಮುಯ್ಯಿಯ ಭಾವಕ್ಕೆ ಕಾನೂನಿನ ಅಂಗಿ ತೊಡಿಸಿದ್ದು ಸಹಕಾರ ಚಳವಳಿ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಆರಂಭಿಸಿದ ಕೃಷಿ ಸಹಕಾರಿ ಪತ್ತಿನ ಸಂಘವು ದೇಶದಲ್ಲಿಯೇ ಮೊದಲನೆಯದೆಂದು ಹೆಸರಾಗಿದೆ. ಸಾಲಗಾರನೊಬ್ಬನ ಬಾಗಿಲಿನಲ್ಲಿ ಒಬ್ಬೊಬ್ಬರಾಗಿ ಕೈಕಟ್ಟಿ ನಿಲ್ಲುತ್ತಿದ್ದ ರೈತರು ಒಬ್ಬರಿಗೊಬ್ಬರು ಹೊಣೆಯಾದಾಗ ಅದೇ ಹಣ ಮರ್ಯಾದೆಯಿಂದ ದೊರೆಯಿತು. ವಿಶ್ವಸಂಸ್ಥೆಯು 2025ನೆಯ ಇಸವಿಯನ್ನು ಅಂತರರಾಷ್ಟ್ರೀಯ ಸಹಕಾರ ವರ್ಷವೆಂದು ಘೋಷಿಸಿತ್ತು. ಜಗತ್ತು ಆಚರಿಸಿದ ಆ ತತ್ತ್ವಕ್ಕೆ ನೂರ ಇಪ್ಪತ್ತು ವರ್ಷಗಳ ಹಿಂದೆಯೇ ನಮ್ಮ ನಾಡಿನ ಹಳ್ಳಿಯೊಂದು ಪ್ರಯೋಗಶಾಲೆಯಾಗಿತ್ತು.

ಹನ್ನೆರಡನೆಯ ಶತಮಾನದ ಶರಣರು ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳನ್ನು ಜೋಡಿಯಾಗಿಯೇ ಹೇಳಿದರು. ಕಾಯಕವಿಲ್ಲದ ದಾಸೋಹ ಇನ್ನೊಬ್ಬರ ದುಡಿಮೆಯ ಮೇಲಿನ ಔದಾರ್ಯವಾಗುತ್ತದೆ. ದಾಸೋಹವಿಲ್ಲದ ಕಾಯಕ ಬರಿಯ ಸಂಪಾದನೆಯಾಗುತ್ತದೆ. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಪತ್ನಿ ಲಕ್ಕಮ್ಮನವರು, ನಮಗೆ ಬೇಕಾದುದಕ್ಕಿಂತ ಹೆಚ್ಚಿನದು ನಮ್ಮದಲ್ಲ, ಹಿಂದಿರುಗಿಸಿ ಬನ್ನಿ ಎಂದು ಕಳುಹಿಸಿದ ಪ್ರಸಂಗವನ್ನು ಶರಣರ ಚರಿತ್ರೆಯನ್ನು ಬಲ್ಲವರೆಲ್ಲ ಬಲ್ಲರು. ಅಕ್ಕಿಗೆ ಸಲ್ಲುವ ಆ ಮಾತು ನೀರಿಗೆ ಇನ್ನೂ ಹೆಚ್ಚು ಸಲ್ಲುತ್ತದೆ. ನಮ್ಮ ಸಂಪು ತುಂಬಿದ ಮೇಲೂ ಮೋಟಾರು ಓಡುತ್ತಿದ್ದರೆ ಅದು ಯಾರದೋ ಬಿಂದಿಗೆಯ ನೀರು.

ಹಳೆಯ ಆದರ್ಶಗಳನ್ನು ನೆನೆದರೆ ಸಾಕೇ, ಈಗಿನ ಕಾಲದಲ್ಲಿ ಇದು ಸಾಧ್ಯವೇ ಎಂಬ ಸಂದೇಹ ಸಹಜ. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಮಹಾಸ್ವಾಮಿಗಳು ಹಿರೇಹಳ್ಳದ ಪುನಶ್ಚೇತನಕ್ಕೆ ಕರೆ ನೀಡಿದಾಗ ಊರೂರಿನ ಜನ ಹಣ, ಯಂತ್ರ, ಊಟ, ಶ್ರಮ ಎಲ್ಲವನ್ನೂ ತಂದರು. ಜಾಲಿ ಬೆಳೆದು ಹೂಳು ತುಂಬಿದ್ದ ಹಳ್ಳವು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ ಸ್ವಚ್ಛವಾಯಿತು. ಇದು ಹಳ್ಳಿಗಳ ಮಾತು, ನಗರದಲ್ಲಿ ನಡೆಯದು ಎನ್ನುವವರು ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯನ್ನೋ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನೋ ನೋಡಬಹುದು. ಅಲ್ಲಿ ಸುತ್ತಮುತ್ತಲಿನ ನಿವಾಸಿಗಳು ಪಾಲಿಕೆಯೊಂದಿಗೆ ಕೈಜೋಡಿಸಿ ಕೆರೆಗಳ ನಿತ್ಯದ ನಿಗಾ ವಹಿಸಿಕೊಂಡರು. ಅಲ್ಲಿಯೂ ಭಿನ್ನಾಭಿಪ್ರಾಯಗಳಿದ್ದವು, ಹಣದ ಅಡಚಣೆಯಿತ್ತು. ಆದರೂ ಕೆಲಸ ನಿಲ್ಲಲಿಲ್ಲ. ಏಕೆಂದರೆ ಕೆಲಸವು ಒಬ್ಬರ ಉತ್ಸಾಹವನ್ನು ನೆಚ್ಚಿಕೊಂಡಿರಲಿಲ್ಲ. ಒಬ್ಬರು ದಣಿದಾಗ ಇನ್ನೊಬ್ಬರು ನೊಗಕ್ಕೆ ಹೆಗಲು ಕೊಡುವುದೇ ಸಂಘಟನೆಯ ಸಾರ.

ತೆರಿಗೆ ಕಟ್ಟುವವರು ನಾವು, ಕಾಲುವೆ ಸ್ವಚ್ಛಗೊಳಿಸುವುದು ಸರ್ಕಾರದ ಕರ್ತವ್ಯ. ಅದನ್ನು ಜನರ ತಲೆಗೆ ಕಟ್ಟುವುದು ನ್ಯಾಯವೇ ಎಂದು ಕೆಲವರು ಕೇಳುತ್ತಾರೆ. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಪರಸ್ಪರ ಕಾಳಜಿಯ ಹೆಸರಿನಲ್ಲಿ ಆಡಳಿತವು ತನ್ನ ಹೊಣೆಯಿಂದ ಜಾರಿಕೊಂಡರೆ ಅದು ಸಹಕಾರವಲ್ಲ, ಶೋಷಣೆ. ರೈಲ್ವೆ ಕಿಂಡಿಯನ್ನು ಅಗಲಗೊಳಿಸುವುದು, ರಾಜಕಾಲುವೆಯ ಒತ್ತುವರಿ ತೆರವುಗೊಳಿಸುವುದು, ಕೊಳವೆ ಮಾರ್ಗ ಹಾಕುವುದು ಬೀದಿಯ ಜನರ ಕೈಯಲ್ಲಿ ಆಗುವ ಕೆಲಸಗಳಲ್ಲ. ಆದರೆ ಅನುಭವ ಹೇಳುವುದು ಬೇರೆಯೇ ಇದೆ. ಒಂಟಿ ಮನೆಯ ದೂರು ಕಡತದಲ್ಲಿ ಮಲಗುತ್ತದೆ. ಇಡೀ ಬೀದಿಯ ದೂರು ಕಡತವನ್ನು ಎಬ್ಬಿಸುತ್ತದೆ. ಪರಸ್ಪರ ಪರಿಚಯವಿಲ್ಲದ ನೂರು ಮನೆಗಳು ನೂರು ಮತಗಳಷ್ಟೇ. ಪರಿಚಯವಿದ್ದರೆ ಅವು ಒಂದು ಜನಾಭಿಪ್ರಾಯವಾಗುತ್ತವೆ.

ಈ ಮಾತಿಗೆ ಈಗ ವಿಶೇಷವಾದ ಸಂದರ್ಭವಿದೆ. ಪಾಲಿಕೆಗೆ ಕೊನೆಯ ಬಾರಿ ಚುನಾವಣೆ ನಡೆದದ್ದು 2015ರ ಆಗಸ್ಟಿನಲ್ಲಿ. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಅಲ್ಲಿಂದ ಐದು ವರ್ಷಗಳಿಗೂ ಹೆಚ್ಚು ಕಾಲ ವಾರ್ಡಿನ ಜನರಿಗೆ ತಮ್ಮವರೆಂದು ಹೇಳಿಕೊಳ್ಳಲು ಚುನಾಯಿತ ಪ್ರತಿನಿಧಿಯೇ ಇರಲಿಲ್ಲ. ಬರ ಬಂದದ್ದೂ ನೆರೆ ಬಂದದ್ದೂ ಆ ಅವಧಿಯಲ್ಲಿಯೇ. 2025ರ ಸೆಪ್ಟೆಂಬರ್ 2ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ವ್ಯವಸ್ಥೆಯಡಿ ನಗರವು ಐದು ಪಾಲಿಕೆಗಳಾಗಿ ವಿಂಗಡಣೆಯಾಗಿ, ಕೆ.ಆರ್. ಪುರ, ಮಹದೇವಪುರ ಭಾಗಗಳು ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿವೆ. ಹೊಸ ಗಡಿ, ಹೊಸ ವಾರ್ಡು, ಹೊಸ ಕಚೇರಿ. ಸಂವಿಧಾನದ 74ನೆಯ ತಿದ್ದುಪಡಿಯು ವಾರ್ಡು ಸಮಿತಿಗಳ ಮೂಲಕ ಜನರಿಗೆ ಆಡಳಿತದಲ್ಲಿ ಪಾಲು ನೀಡಬೇಕೆಂದು ಹೇಳಿ ಮೂರು ದಶಕಗಳು ಕಳೆದಿವೆ. ಫಲಕ ಬದಲಾದ ಮಾತ್ರಕ್ಕೆ ಕಾಲುವೆಯಲ್ಲಿ ನೀರು ಸರಾಗವಾಗಿ ಹರಿಯದು. ವಾರ್ಡು ಸಮಿತಿಯಲ್ಲಿ ಕುಳಿತುಕೊಳ್ಳುವ ಜನರ ಹಿಂದೆ ಒಂದು ಬೀದಿಯ ಬಲವಿದ್ದರೆ ಸಮಿತಿಗೆ ಜೀವ ಬರುತ್ತದೆ. ಇಲ್ಲವಾದರೆ ಅದು ಸಹಿ ಹಾಕುವ ಸಭೆಯಾಗಿ ಉಳಿಯುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೆರೆಯವರು ಎಂದರೆ ಯಾರು? ಅನೇಕ ಕ್ಷೇಮಾಭಿವೃದ್ಧಿ ಸಂಘಗಳಲ್ಲಿ ಸ್ವಂತ ಮನೆಯುಳ್ಳವರಿಗೆ ಮಾತ್ರ ಮಾತಿನ ಹಕ್ಕು. ಬಾಡಿಗೆಗೆ ಇರುವವರು ಹನ್ನೊಂದು ತಿಂಗಳ ಕರಾರಿನ ಅತಿಥಿಗಳು. ಮನೆಗೆಲಸಕ್ಕೆ ಬರುವ ತಾಯಂದಿರು, ಕಾವಲುಗಾರರು, ಕಸ ಎತ್ತುವ ಪೌರಕಾರ್ಮಿಕರು, ಖಾಲಿ ನಿವೇಶನದ ತಗಡಿನ ಶೆಡ್ಡುಗಳಲ್ಲಿ ಬದುಕುವ ಉತ್ತರ ಕರ್ನಾಟಕದ ಹಾಗೂ ಹೊರ ರಾಜ್ಯಗಳ ಕಟ್ಟಡ ಕಾರ್ಮಿಕರು ಸಂಘದ ಪಟ್ಟಿಯಲ್ಲಿಯೇ ಇರುವುದಿಲ್ಲ. 2024ರ ಅಕ್ಟೋಬರ್ 22ರಂದು ಮಳೆಯ ನಡುವೆ ಹೊರಮಾವು ಬಳಿಯ ಬಾಬುಸಾಬ್ ಪಾಳ್ಯದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು ಹಲವು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅವರಲ್ಲಿ ದೂರದ ರಾಜ್ಯಗಳಿಂದ ಹೊಟ್ಟೆಪಾಡಿಗೆ ಬಂದವರಿದ್ದರು. ಕಟ್ಟಡ ಏರುತ್ತಿದ್ದುದನ್ನು ನೂರಾರು ಜನ ದಿನವೂ ನೋಡಿರಬೇಕು. ಅದರೊಳಗೆ ದುಡಿಯುವವರ ಸುರಕ್ಷತೆ ‘ನಮ್ಮ ಬೀದಿಯ ವಿಷಯ’ ಎಂದು ಎಷ್ಟು ಬೀದಿಗಳು ಭಾವಿಸುತ್ತವೆ? ನಮ್ಮ ಮನೆ ಕಟ್ಟಿದ ಕೈಗಳಿಗೆ ನಮ್ಮ ನೆರೆಯಲ್ಲಿ ಸ್ಥಾನವಿಲ್ಲವಾದರೆ ಆ ನೆರೆಹೊರೆ ಕೇವಲ ಆಸ್ತಿಯುಳ್ಳವರ ಕೂಟ. ಅನುಭವ ಮಂಟಪದಲ್ಲಿ ದೋಣಿ ನಡೆಸುವವರೂ, ಚಮ್ಮಾರಿಕೆ ಮಾಡುವವರೂ, ಹಗ್ಗ ಹೊಸೆಯುವವರೂ ಸರಿಸಮನಾಗಿ ಕುಳಿತಿದ್ದರೆಂದು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆ ಅಭಿಮಾನದ ಪರೀಕ್ಷೆ ನಡೆಯುವುದು ನಮ್ಮ ಬೀದಿಯ ಸಭೆಯಲ್ಲಿ ಕುರ್ಚಿ ಯಾರಿಗೆ ಹಾಕುತ್ತೇವೆ ಎಂಬುದರಲ್ಲಿ.

ರಾಮಮೂರ್ತಿ ನಗರದಂತಹ ಕಡೆಗಳಲ್ಲಿ ಕನ್ನಡ, ತಮಿಳು, ತೆಲುಗು, ಮಲಯಾಳ, ಹಿಂದಿ ಎಲ್ಲವೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಗುಡಿ, ಚರ್ಚು, ಮಸೀದಿಗಳು ಹತ್ತಿರದಲ್ಲಿಯೇ ಇವೆ. ಇಂತಹ ಕಡೆ ಎಲ್ಲರೂ ಒಂದೇ ರೀತಿ ಯೋಚಿಸಬೇಕೆಂದು ಅಪೇಕ್ಷಿಸುವುದು ಸಾಧುವಲ್ಲ, ಅಗತ್ಯವೂ ಅಲ್ಲ. ಎತ್ತುಗಳೆರಡೂ ಒಂದೇ ಬಣ್ಣದವಾಗಿರಬೇಕಿಲ್ಲ, ಒಂದೇ ದಿಕ್ಕಿಗೆ ನಡೆದರೆ ಬಂಡಿ ಸಾಗುತ್ತದೆ. ಕೋವಿಡ್ ಕಾಲದಲ್ಲಿ ಬಂಧುಗಳೇ ಹತ್ತಿರ ಬಾರದಿದ್ದಾಗ ಅನ್ಯಧರ್ಮದ ತರುಣರು ಶವಗಳಿಗೆ ಹೆಗಲು ಕೊಟ್ಟು ಆಯಾ ಧರ್ಮದ ಕ್ರಮದಂತೆಯೇ ಅಂತ್ಯಕ್ರಿಯೆಗೆ ನೆರವಾದುದನ್ನು ಬೆಂಗಳೂರು ಕಂಡಿದೆ. ಕಷ್ಟದ ದಿನ ಕಲಿತದ್ದನ್ನು ಸುಖದ ದಿನ ಮರೆಯದಿರುವುದೇ ಕಷ್ಟದ ಕೆಲಸ.

ಮಾತು ಕೃತಿಗೆ ಇಳಿಯಬೇಕಾದರೆ ಲೆಕ್ಕವೂ ಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆಯಾಗುತ್ತದೆ. ಒಂದು ಸಾವಿರ ಚದರಡಿಯ ತಾರಸಿಯ ಮೇಲೆ ಬೀಳುವ ನೀರು ಸುಮಾರು 90,000 ಲೀಟರ್. ಅದರಲ್ಲಿ ಕಾಲು ಭಾಗ ಪೋಲಾದರೂ 65,000 ಲೀಟರಿಗೂ ಹೆಚ್ಚು ಕೈಗೆ ಸಿಗುತ್ತದೆ. ಅಂದರೆ 12,000 ಲೀಟರಿನ ಐದು ಟ್ಯಾಂಕರುಗಳಿಗೂ ಮಿಗಿಲು. ಒಂದು ಮನೆಯ ಮಟ್ಟಿಗೆ ಇದು ಸಣ್ಣ ಉಳಿತಾಯ. ನೂರು ಮನೆಗಳ ಬೀದಿಗೆ ಇದು 65 ಲಕ್ಷ ಲೀಟರ್. ಅಷ್ಟು ನೀರು ನೆಲಕ್ಕೆ ಇಂಗಿದರೆ ಬೇಸಿಗೆಯಲ್ಲಿ ಕೊಳವೆ ಬಾವಿಗೆ ಉಸಿರು ಬರುತ್ತದೆ. ಅಷ್ಟು ನೀರು ಕಾಲುವೆಗೆ ನುಗ್ಗದಿದ್ದರೆ ಕೆಳಗಿನ ಬೀದಿಗೆ ಉಸಿರಾಡಲು ಸಮಯ ಸಿಗುತ್ತದೆ. ಬರಕ್ಕೂ ನೆರೆಗೂ ಮೂಲ ಒಂದೇ ಎಂದು ನಾವು ಹೇಳಿದ್ದು ಈ ಕಾರಣಕ್ಕೆ. ಇಂಗುಬಾವಿ ತೋಡುವ ವಿದ್ಯೆಯನ್ನು ತಲೆತಲಾಂತರದಿಂದ ಬಲ್ಲ ಮಣ್ಣುವಡ್ಡರು ಇಂದಿಗೂ ಬೆಂಗಳೂರಿನ ಸುತ್ತ ಈ ಕಾಯಕ ಮಾಡುತ್ತಿದ್ದಾರೆ. ಒಂದೊಂದು ಮನೆಗೆ ಕರೆಸುವ ಬದಲು ಬೀದಿಗೊಮ್ಮೆ ಕರೆಸಿದರೆ ಅವರಿಗೆ ನಿರಂತರ ದುಡಿಮೆ, ಬೀದಿಗೆ ಕಡಿಮೆ ವೆಚ್ಚ. ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ಇದಕ್ಕಿಂತ ಅಕ್ಷರಶಃ ಪಾಲಿಸಲು ಸಾಧ್ಯವಿಲ್ಲ.

ಇನ್ನು ಹಣವೇ ಬೇಡದ ಕೆಲಸಗಳೂ ಇವೆ. ಮುಂಗಾರಿಗೆ ಮುನ್ನ ಏಪ್ರಿಲ್ ತಿಂಗಳಲ್ಲಿಯೇ ಬೀದಿಯ ಹತ್ತು ಜನ ಕಾಲುವೆಯುದ್ದಕ್ಕೂ ನಡೆದು, ಎಲ್ಲಿ ಕಸ ಕಟ್ಟಿಕೊಂಡಿದೆ ಎಂದು ಗುರುತು ಹಾಕಿ ಪಾಲಿಕೆಯ ಇಂಜಿನಿಯರಿಗೆ ಲಿಖಿತವಾಗಿ ಕೊಡಬಹುದು. ಯಾರ ಮನೆಯಲ್ಲಿ ವೃದ್ಧರು ಒಂಟಿಯಾಗಿದ್ದಾರೆ, ಯಾರಿಗೆ ನಡೆಯಲಾಗದು, ಯಾರು ಕೆಳ ಅಂತಸ್ತಿನಲ್ಲಿ ಹಸುಗೂಸಿನೊಂದಿಗೆ ಇದ್ದಾರೆ ಎಂಬ ಪಟ್ಟಿ ಬೀದಿಯವರ ಬಳಿ ಇರಬಹುದು. ಮಕ್ಕಳು ಹೊರದೇಶದಲ್ಲಿದ್ದು ತಂದೆತಾಯಿಗಳಷ್ಟೇ ಉಳಿದಿರುವ ಮನೆಗಳು ಇಂದು ಪ್ರತಿ ಬೀದಿಯಲ್ಲಿಯೂ ಇವೆ. ನೀರು ಏರಿದರೆ ಯಾರು ಯಾರ ಮನೆಯ ಬಾಗಿಲು ಬಡಿಯಬೇಕೆಂದು ಮೊದಲೇ ನಿಶ್ಚಯವಾಗಿದ್ದರೆ ದೋಣಿ ಬರುವುದಕ್ಕೆ ಮುನ್ನವೇ ಅರ್ಧ ರಕ್ಷಣೆ ಮುಗಿದಿರುತ್ತದೆ. ಆಪತ್ತು ಬಂದ ಮೇಲೆ ಪರಿಚಯ ಮಾಡಿಕೊಳ್ಳಲು ಸಮಯವಿರುವುದಿಲ್ಲ.

ನಮ್ಮ ಭಕ್ತರು, ಓದುಗರು ಅನೇಕರು ಹಳ್ಳಿಗಳಿಂದ ಬಂದು ಬೆಂಗಳೂರಿನ ಇಂತಹ ಬಡಾವಣೆಗಳಲ್ಲಿ ನೆಲೆಸಿದ್ದಾರೆ. ಊರಿನ ಜಾತ್ರೆಗೆ, ಮಠದ ದಾಸೋಹಕ್ಕೆ ಧಾನ್ಯ, ಕಾಣಿಕೆ ಕಳುಹಿಸುವುದನ್ನು ಅವರು ಮರೆತಿಲ್ಲ. ಅದು ಸಂತೋಷದ ಸಂಗತಿ. ಆದರೆ ದಾಸೋಹಕ್ಕೆ ನೂರಾರು ಮೈಲಿ ದೂರದ ವಿಳಾಸವೇ ಬೇಕೆಂದಿಲ್ಲ. ಈಗ ವಾಸಿಸುವ ಬೀದಿಯ ಎರಡು ಬದಿಯ ಐದೈದು ಮನೆಗಳವರ ಹೆಸರು ತಮಗೆ ತಿಳಿದಿದೆಯೇ ಎಂದು ಪ್ರತಿಯೊಬ್ಬರೂ ತಮ್ಮನ್ನು ಕೇಳಿಕೊಳ್ಳಲಿ. ತಿಳಿದಿಲ್ಲವಾದರೆ ಈ ಮಳೆಗಾಲ ಬರುವುದಕ್ಕೆ ಮುನ್ನ ಒಂದು ಸಂಜೆ ಬಿಡುವು ಮಾಡಿಕೊಂಡು ಆ ಬಾಗಿಲುಗಳನ್ನು ತಟ್ಟಲಿ.